ವಾಹನವೂ ಅಪರಿಗ್ರಹವೂ

ಯಳಂದೂರು ತಾಲ್ಲೂಕಿನ ಹೊನ್ನೂರಿನಂತಹ ಊರಿನಲ್ಲಿ, ಗದ್ದೆಯ ಕೆಲಸವನ್ನೂ ಮಕ್ಕಳ ಓದನ್ನೂ ವೃದ್ಧರ ಔಷಧೋಪಚಾರವನ್ನೂ ಒಟ್ಟಿಗೆ ನಡೆಸಬೇಕಾದ ಗೃಹಸ್ಥನೊಬ್ಬನು ಕಾರನ್ನು ಕೊಳ್ಳಲು ಮನಸ್ಸು ಮಾಡಿದನೆಂದರೆ, ಅವನು ಸಾಮಾನ್ಯವಾಗಿ ಎರಡು ಯೋಚನೆಗಳ ನಡುವೆ ತೊಳಲುತ್ತಾನೆ. ಕೊಳ್ಳೇಗಾಲದಲ್ಲಿಯೋ ಮೈಸೂರಿನಲ್ಲಿಯೋ ಯಾರೋ ಕೆಲವು ವರ್ಷ ಓಡಿಸಿ ಮಾರುತ್ತಿರುವ ಡೀಸೆಲ್ ಕಾರನ್ನು ಕೈಯಲ್ಲಿರುವ ಹಣದಿಂದಲೇ ಕೊಳ್ಳುವುದು ಒಂದು. ಬ್ಯಾಂಕಿನಲ್ಲಿ ಸಾಲ ಮಾಡಿ, ಷೋರೂಮಿನಿಂದ ಹೊಸ ಕಾರನ್ನು ತಂದು, ತಿಂಗಳು ತಿಂಗಳೂ ಕಂತು ಕಟ್ಟುವುದು ಇನ್ನೊಂದು. ಇದು ಬರಿಯ ಲೆಕ್ಕಾಚಾರದ ಸಂಗತಿಯೆಂದು ತೋರುವುದು ಸಹಜ. ಆದರೆ ವಸ್ತುವನ್ನು ಪಡೆಯುವುದು, ಇಟ್ಟುಕೊಳ್ಳುವುದು, ಬಿಟ್ಟುಕೊಡುವುದು ಎಂಬ ಮೂರು ಕ್ರಿಯೆಗಳನ್ನೂ ಧರ್ಮವಿಚಾರದ ಪರಿಧಿಯೊಳಗೇ ಇರಿಸಿದ ನಾಡು ನಮ್ಮದು. ಪತಂಜಲಿಯು ಯಮಗಳನ್ನೆಣಿಸುವಾಗ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯಗಳೊಡನೆ ಅಪರಿಗ್ರಹವನ್ನೂ ಹೇಳಿದನು; ನಮ್ಮ ಜಿಲ್ಲೆಯ ಮಲೆಯೂರಿನ ಕನಕಗಿರಿಯಲ್ಲಿ ನೆಲೆಗೊಂಡಿರುವ ಜೈನಧರ್ಮವು ಸಂಸಾರಿಗೂ ಅನ್ವಯಿಸುವಂತೆ ಪರಿಗ್ರಹಕ್ಕೊಂದು ಪರಿಮಾಣವನ್ನು ಅಣುವ್ರತವಾಗಿ ವಿಧಿಸಿತು; ಶರಣರು ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದರು. ಇಷ್ಟು ಪರಂಪರೆಯುಳ್ಳವರು ಕಾರನ್ನು ಕೊಳ್ಳುವಾಗ ಬೆಲೆಯನ್ನೊಂದೇ ವಿಚಾರಿಸಿ ಸುಮ್ಮನಾಗುವುದು ತಕ್ಕುದಲ್ಲ.

ಹಳೆಯ ಕಾರಿನ ಪರವಾದ ವಾದವು ಮೊದಲ ನೋಟಕ್ಕೇ ಬಲವಾದುದು. ಭೂಮಿಯಿಂದ ಅದಿರನ್ನು ಅಗೆದು, ಕುಲುಮೆಯಲ್ಲಿ ಕರಗಿಸಿ, ಅಸಂಖ್ಯ ಜನರ ಶ್ರಮವನ್ನು ಕೂಡಿಸಿ ನಿರ್ಮಿಸಿದ ಯಂತ್ರವೊಂದು ತನ್ನ ಆಯುಸ್ಸು ಮುಗಿಯುವ ಮುನ್ನವೇ ಮೂಲೆಗೆ ಬೀಳುವುದು ಋಣವನ್ನು ತೀರಿಸದೆ ಕೈತೊಳೆದುಕೊಂಡಂತೆ. ಕಬ್ಬಿಣವು ಸುಲಭವಾಗಿ ದಕ್ಕತಕ್ಕ ವಸ್ತುವಲ್ಲವೆಂಬುದನ್ನು ಈ ಸೀಮೆಯ ಜನ ಹಿಂದಿನಿಂದಲೂ ಬಲ್ಲರು: ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯು ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ, ಅವರು ಒಡ್ಡಿದ ಘೋರವಾದ ಪರೀಕ್ಷೆಗಳನ್ನು ಎದುರಿಸುತ್ತಾನೆ. ಭೂಮಿಯಿಂದ ಮನುಷ್ಯನು ಪಡೆದ ಲೋಹವೆಲ್ಲವೂ ಒಂದರ್ಥದಲ್ಲಿ ಭಿಕ್ಷೆಯೇ. ಭಿಕ್ಷೆಯಾಗಿ ಬಂದುದನ್ನು ವ್ಯರ್ಥ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಜೀರ್ಣವಾದ ವಸ್ತ್ರವನ್ನು ಕಳಚಿ ಹೊಸದನ್ನು ಉಡುವಂತೆ ಆತ್ಮವು ದೇಹಾಂತರವನ್ನು ಪಡೆಯುವುದೆಂದು ಗೀತೆಯು ಹೇಳಿದೆಯಲ್ಲ, ಹಾಗಾದರೆ ಹೊಸತನ್ನು ಬಯಸುವುದು ಲೋಕನಿಯಮವೇ ಆಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಆ ದೃಷ್ಟಾಂತದಲ್ಲಿ ಕಳಚಿ ಬೀಳುವುದು ಸವೆದುಹೋದ ವಸ್ತ್ರವೇ ಹೊರತು ಬೇಸರ ಬಂದ ವಸ್ತ್ರವಲ್ಲ. ಇದನ್ನೇ ಬಿಳಿಗಿರಿರಂಗನ ಬೆಟ್ಟದ ಭಕ್ತರು ತಮ್ಮ ಆಚರಣೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಸ್ವಾಮಿಯು ಕಾಡಿನಲ್ಲಿ ಸಂಚರಿಸುವನೆಂದೂ ಆ ಸಂಚಾರದಲ್ಲಿ ಅವನ ಪಾದರಕ್ಷೆಗಳು ಸವೆಯುವುವೆಂದೂ ನಂಬಿದ ಅವರು 2 ವರ್ಷಗಳಿಗೊಮ್ಮೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಹೊಸದಾಗಿ ಹೊಲಿದು ಅರ್ಪಿಸುತ್ತಾರೆ. ದರ್ಶನಕ್ಕೆ ಬಂದವರು ಆ ಪಾದರಕ್ಷೆಗಳನ್ನು ತಲೆಗೆ ಮುಟ್ಟಿಸಿಕೊಂಡು ಧನ್ಯರಾಗುತ್ತಾರೆ. ಹೊಸ ಜೋಡಿಗೆ ಕಾರಣವಾದುದು ಹಳೆಯದರ ಸವೆತ. ಸವೆತಕ್ಕೆ ಕಾರಣವಾದುದು ನಡಿಗೆ. ದೇವರ ವಿಷಯದಲ್ಲಿಯೂ ನಾವು ಉಪಯೋಗದಿಂದಲೇ ಅಗತ್ಯವನ್ನು ಅಳೆದಿರುವಾಗ, ನೆರೆಮನೆಯವನು ಕೊಂಡನೆಂಬ ಕಾರಣಕ್ಕೆ ನಮ್ಮ ಕಾರು ಹಳತಾಯಿತೆಂದು ಭಾವಿಸುವುದು ಯಾವ ನ್ಯಾಯ? ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟು, ಹೂವೇರಿಸುವಾಗ ಕಾರು ಎಷ್ಟನೆಯ ಓನರಿನದೆಂದು ಯಾರೂ ಕೇಳುವುದಿಲ್ಲ.

ಇಷ್ಟಕ್ಕೇ ವಿಚಾರ ಮುಗಿಯುವುದಾಗಿದ್ದರೆ ಹಳೆಯ ಕಾರನ್ನು ಕೊಂಡವನು ನಿಶ್ಚಿಂತನಾಗಿರಬಹುದಿತ್ತು. ಆದರೆ ಅಪರಿಗ್ರಹಕ್ಕಿಂತ ಮೊದಲು ಪತಂಜಲಿಯು ಹೇಳಿದ್ದು ಅಹಿಂಸೆಯನ್ನು. ಡೀಸೆಲ್ ಕಾರಿನ ವಿಷಯದಲ್ಲಿ ಆ ಪ್ರಶ್ನೆ ಏಳುವುದು ಅದರ ಹೊಗೆಯಿಂದ. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲನು ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನು ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದಿಂದ ಹುಟ್ಟಿದ ಶಾಖದಿಂದಲೇ ಎಣ್ಣೆಯನ್ನು ಉರಿಸತಕ್ಕದ್ದು. ಆದುದರಿಂದಲೇ ಅದು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುತ್ತದೆ, ಮತ್ತು ಅದೇ ದಹನದಲ್ಲಿ ಸೂಕ್ಷ್ಮವಾದ ಮಸಿಯೂ ನೈಟ್ರೋಜನ್ ಆಕ್ಸೈಡುಗಳೂ ಹುಟ್ಟುತ್ತವೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸಾರಿತು. 2017ರ ಏಪ್ರಿಲಿನಿಂದ ದೇಶದಾದ್ಯಂತ ಜಾರಿಯಲ್ಲಿದ್ದ ಭಾರತ್ ಸ್ಟೇಜ್ 4ರ ಮಾನದಂಡದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಕಣವನ್ನು ಬಿಡಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6ರಲ್ಲಿ ಆ ಮಿತಿ 4.5 ಮಿಲಿಗ್ರಾಂಗೆ ಇಳಿಯಿತು, ನೈಟ್ರೋಜನ್ ಆಕ್ಸೈಡುಗಳ ಮಿತಿ 250ರಿಂದ 80ಕ್ಕೆ ಇಳಿಯಿತು. ಹಳೆಯ ಕಾರನ್ನು ಕೊಂಡು ಉಳಿಸಿದ ಹಣ ಗೃಹಸ್ಥನ ಮನೆಯಲ್ಲಿ ಉಳಿಯುವುದು ನಿಜ. ಅದು ಉಗುಳುವ ಹೊಗೆಯಾದರೋ ತಾಳಬೆಟ್ಟದಿಂದ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಏರುವ ಹರಕೆಯವನ ಉಸಿರಿಗೂ, ರಸ್ತೆಯ ಮಗ್ಗುಲಲ್ಲಿ ಶಾಲೆಗೆ ನಡೆಯುವ ಮಗುವಿನ ಉಸಿರಿಗೂ ಸೇರುತ್ತದೆ. ನಮ್ಮ ಮಿತವ್ಯಯದ ಬೆಲೆಯನ್ನು ಇನ್ನೊಬ್ಬರು ತೆರುವಂತಾದರೆ ಅದು ಅಪರಿಗ್ರಹವೆನಿಸದು. ಅದು ಅಸ್ತೇಯವ್ರತದ ಭಂಗ.

ಹಾಗೆಂದು ಹೊಸದಾದುದೆಲ್ಲವೂ ನಿರ್ದೋಷವೆಂದು ಬಗೆಯಲಾಗದು. ಹೊಸದೆಂಬ ಮಾತ್ರಕ್ಕೆ ಯಂತ್ರವು ಸತ್ಯವನ್ನು ಹೇಳುವುದಿಲ್ಲವೆಂಬುದನ್ನು 2015ರಲ್ಲಿ ಲೋಕವೇ ಕಂಡಿತು: ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ತಗ್ಗಿಸಿ, ರಸ್ತೆಗಿಳಿದ ಮೇಲೆ ಮಿತಿಮೀರಿ ಬಿಡುವಂತೆ ಫೋಕ್ಸ್‌ವ್ಯಾಗನ್ ಕಂಪನಿಯು ತನ್ನ ಡೀಸೆಲ್ ಕಾರುಗಳಲ್ಲಿ ತಂತ್ರಾಂಶವನ್ನು ಅಳವಡಿಸಿದ್ದುದು ಬಯಲಾಯಿತು, ಜಗತ್ತಿನಲ್ಲಿ ಅಂತಹ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಪ್ರಾಮಾಣಿಕವಾಗಿ ನಿರ್ಮಿಸಿದ ಹೊಸ ಡೀಸೆಲ್ ಕಾರಿನಲ್ಲಿಯೂ ಮಸಿಯನ್ನು ಹಿಡಿದಿಡುವ ಫಿಲ್ಟರು ಆಗಾಗ ದೀರ್ಘಕಾಲ ವೇಗವಾಗಿ ಓಡಿದರೆ ಮಾತ್ರ ಕಾದು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುತ್ತದೆ; ಹೊನ್ನೂರಿನಿಂದ ಯಳಂದೂರಿಗೆ ಹೋಗಿ ಸಾಮಾನು ತರುವಷ್ಟಕ್ಕೇ ಬಳಸಿದರೆ ಅದು ಕಟ್ಟಿಕೊಳ್ಳುತ್ತದೆ. ಇನ್ನು ಸಾಲದ ವಿಷಯ. ಜೀವನೋಪಾಯಕ್ಕಾಗಿ ಮಾಡಿದ ಸಾಲ ಬೇರೆ, ಪರರ ಕಣ್ಣಿಗಾಗಿ ಮಾಡಿದ ಸಾಲ ಬೇರೆ. ಮಳೆಯನ್ನೂ ನಾಲೆಯ ನೀರನ್ನೂ ನಂಬಿ ಬದುಕುವವನಿಗೆ ಬೆಳೆಯ ಆದಾಯ ಸುಗ್ಗಿಗೊಮ್ಮೆ ಬರುತ್ತದೆ, ಕಂತು ತಿಂಗಳಿಗೊಮ್ಮೆ ಬರುತ್ತದೆ. ಈ ಎರಡು ಕಾಲಗಣನೆಗಳ ನಡುವೆ ಸಿಕ್ಕಿದವನ ಮನಸ್ಸಿಗೆ ಧ್ಯಾನವೆಲ್ಲಿ, ದಾಸೋಹವೆಲ್ಲಿ?

ಹಳೆಯ ಕಾರನ್ನು ಮಾರುವವನಿಗೂ ಧರ್ಮವುಂಟೆಂಬುದನ್ನು ನಾವು ಬಹುವಾಗಿ ಮರೆತಿದ್ದೇವೆ. ಮೀಟರನ್ನು ಹಿಂದಕ್ಕೆ ತಿರುಗಿಸಿ ಓಡಿದ ಕಿಲೋಮೀಟರುಗಳನ್ನು ಮರೆಮಾಚುವವನು, ಅಪಘಾತದಲ್ಲಿ ಜಖಂ ಆದ ಚಾಸಿಯ ಮೇಲೆ ಬಣ್ಣ ಬಳಿದು ಒಪ್ಪಿಸುವವನು, ಹಣದೊಡನೆ ಇನ್ನೊಬ್ಬನ ವಿಶ್ವಾಸವನ್ನೂ ಅಪಹರಿಸುತ್ತಾನೆ. ಘಾಟಿಯ ಇಳಿಜಾರಿನಲ್ಲಿ ಆ ವಂಚನೆಯ ಫಲವನ್ನು ಉಣ್ಣುವವರು ಏನೂ ಅರಿಯದ ಹೆಂಡತಿ ಮಕ್ಕಳಾಗಬಹುದು. ಮೋಟಾರು ವಾಹನ ಕಾನೂನು ಮಾರಾಟದ ಸಂಗತಿಯನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು ಮಾರುವವನಿಗೇ ವಿಧಿಸಿದೆ. ಆದರೆ ಆರ್‌ಸಿಯಲ್ಲಿ ಹೆಸರು ಬದಲಾದರೂ, ಬಚ್ಚಿಟ್ಟ ದೋಷದ ಹೊಣೆಯು ಬಚ್ಚಿಟ್ಟವನನ್ನು ಬಿಟ್ಟುಹೋಗುವುದಿಲ್ಲ. ಕರ್ಮಸಿದ್ಧಾಂತದಲ್ಲಿ ಹೊಣೆಯ ವರ್ಗಾವಣೆಗೆ ಅರ್ಜಿಯಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ವಾರಕ್ಕೊಮ್ಮೆಯೋ ಎರಡು ಸಲವೋ ಆಸ್ಪತ್ರೆಗೆ, ಪೇಟೆಗೆ, ಬಂಧುಗಳ ಮನೆಗೆ ಹೋಗುವವನಿಗೆ ಹಳೆಯ ಕಾರೇ ಯೋಗ್ಯ. ನಂಬುಗೆಯ ಮೆಕ್ಯಾನಿಕ್ಕನಿಗೆ ತೋರಿಸಿ, ಹೊಗೆಯ ತಪಾಸಣೆಯನ್ನು ಕಾಗದಕ್ಕಾಗಿ ಮಾಡಿಸದೆ ಉಸಿರಾಡುವವರಿಗಾಗಿ ಮಾಡಿಸಿ, ಇಂಜೆಕ್ಟರುಗಳನ್ನೂ ಏರ್ ಫಿಲ್ಟರನ್ನೂ ಕಾಲಕಾಲಕ್ಕೆ ಸರಿಪಡಿಸುತ್ತ, ಆ ಯಂತ್ರದ ಉಳಿದ ಆಯುಸ್ಸನ್ನು ಸದ್ವಿನಿಯೋಗ ಮಾಡುವುದು ಅವನ ವ್ರತ. 15 ವರ್ಷ ಮುಗಿದು ನೋಂದಣಿಯನ್ನು ನವೀಕರಿಸುವ ಕಾಲ ಬಂದಾಗ, ಎಷ್ಟು ರಿಪೇರಿ ಮಾಡಿದರೂ ಅದು ಕರಿಹೊಗೆಯನ್ನೇ ಕಾರುವುದಾದರೆ, ಇನ್ನೊಬ್ಬ ಬಡವನ ತಲೆಗೆ ಕಟ್ಟದೆ ಅದನ್ನು ಗುಜರಿಗೆ ಒಪ್ಪಿಸುವುದೂ ಆ ವ್ರತದ ಅಂಗವೇ. ಬಾಡಿಗೆಗಾಗಿ ದಿನವೂ ನೂರಾರು ಕಿಲೋಮೀಟರು ಓಡಿಸುವವನ ಮಾತು ಬೇರೆ: ಅವನು ಬಿಡುವ ಹೊಗೆಯೂ ಅನೇಕ ಪಟ್ಟಾದುದರಿಂದ, ಸಾಲ ಮಾಡಿಯಾದರೂ ಹೊಸ ಕಾರನ್ನು ಕೊಳ್ಳುವುದು ಅವನ ಮಟ್ಟಿಗೆ ಆಡಂಬರವಲ್ಲ, ಕರ್ತವ್ಯ, ಆ ಸಾಲವನ್ನು ತೀರಿಸಲು ಕಾಯಕವೂ ಅವನ ಕೈಯಲ್ಲಿದೆ.

ಹೀಗೆ ಒಂದೇ ಪ್ರಶ್ನೆಗೆ ಇಬ್ಬರಿಗೆ ಎರಡು ಉತ್ತರಗಳು ದೊರೆಯುವುದು ಧರ್ಮದ ದೌರ್ಬಲ್ಯವಲ್ಲ. ಹಳೆಯದು ಹೊಸದು ಎಂಬುದು ವಸ್ತುವಿನ ವಯಸ್ಸನ್ನಷ್ಟೇ ತಿಳಿಸುತ್ತದೆ. ಕೊಳ್ಳುವವನ ಅಗತ್ಯವನ್ನೂ, ಆ ಅಗತ್ಯಕ್ಕಾಗಿ ನೋಯುವವರು ಯಾರೆಂಬುದನ್ನೂ ಅದು ತಿಳಿಸಲಾರದು. ಇವೆರಡನ್ನೂ ಮೊದಲು ವಿಚಾರಿಸಿ, ಅನಂತರ ಬೆಲೆಯನ್ನು ವಿಚಾರಿಸಿದವನು ಯಾವ ಕಾರನ್ನು ಕೊಂಡರೂ ಧರ್ಮಕ್ಕೆ ಹೊರತಾಗುವುದಿಲ್ಲ.