ತನಗೆ ತಾನೇ ಬೆಲೆ ಕಟ್ಟಿಕೊಳ್ಳುವುದು

ಮನುಷ್ಯನು ತನಗೆ ತಾನೇ ಬೆಲೆ ಕಟ್ಟಿಕೊಳ್ಳಬಹುದೇ? ಕಟ್ಟಿಕೊಳ್ಳುವುದಾದರೆ ಅಳತೆಗೋಲು ಯಾವುದು? ಈ ಪ್ರಶ್ನೆಗೆ ಅಮೆರಿಕದ ಮನಶ್ಚಿಕಿತ್ಸಕರಾದ ಆಲ್ಬರ್ಟ್ ಎಲ್ಲಿಸ್ (1913–2007) ಎಂಬವರು ಕೊಟ್ಟ ಉತ್ತರವು ವಿಚಾರಾರ್ಹವಾದುದು. ಹಾಗೆ ಬೆಲೆ ಕಟ್ಟುವುದೇ ರೋಗಮೂಲವೆಂದು ಅವರ ಮತ.

1955ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಅವರು ಹೊಸ ಚಿಕಿತ್ಸಾಕ್ರಮವೊಂದನ್ನು ಆರಂಭಿಸಿದರು. ದುಃಖವನ್ನುಂಟುಮಾಡುವುದು ಸಂಗತಿಯಲ್ಲ, ಸಂಗತಿಯನ್ನು ಕುರಿತ ನಮ್ಮ ನಿಶ್ಚಯವೆಂಬುದು ಅದರ ತಳಹದಿ. ಈ ವಿಷಯದಲ್ಲಿ ಪ್ರಾಚೀನ ತತ್ತ್ವಜ್ಞಾನಿ ಎಪಿಕ್ಟೆಟಸನಿಗೆ ತಾವು ಋಣಿಯೆಂದು ಅವರೇ ಒಪ್ಪಿಕೊಂಡಿದ್ದರು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನು 'ನಾನು ಸೋತೆನು' ಎಂದರೆ ಅದು ಸತ್ಯ, ವ್ಯಸನಕರವಾದರೂ ಸಹ್ಯ. 'ಆದುದರಿಂದ ನಾನು ನಿಷ್ಪ್ರಯೋಜಕನು' ಎಂದನೋ, ಅದು ವ್ಯಾಪ್ತಿಯೇ ಇಲ್ಲದ ಅನುಮಾನ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಹೇತ್ವಾಭಾಸವೆಂದು ಎತ್ತಿ ತೋರಿಸುವನು. ಉತ್ತರಪತ್ರಿಕೆಗಳ ಮೇಲೆ 30 ವರ್ಷ ಅಂಕ ಹಾಕಿದ ಕೈ ನನ್ನದು. ಹುಡುಗನ ಹಣೆಯ ಮೇಲೆ ಹಾಕಬೇಕಾದ ಅಂಕವನ್ನು ಯಾವ ಇಲಾಖೆಯೂ ನನಗೆ ತಿಳಿಸಲಿಲ್ಲ.

ವಿಶೇಷವೇನೆಂದರೆ, ಎಲ್ಲರೂ ಹೊಗಳುವ ಆತ್ಮಾಭಿಮಾನವನ್ನೂ ಎಲ್ಲಿಸರು ನಂಬಲಿಲ್ಲ. ಗೆದ್ದ ದಿನ ತನ್ನ ಬೆಲೆಯನ್ನು ಏರಿಸಿಕೊಂಡವನು ಸೋತ ದಿನ ಇಳಿಸಿಕೊಳ್ಳಲೇಬೇಕಷ್ಟೆ! ಕೃತ್ಯವನ್ನು ಅಳೆಯಬಹುದು, ಕರ್ತೃವನ್ನು ಅಳೆಯಲಾಗದು ಎಂಬುದು ಅವರ ಸಿದ್ಧಾಂತ.

ಅವರೇ ಹೇಳುತ್ತಿದ್ದಂತೆ, 19ರ ವಯಸ್ಸಿನಲ್ಲಿ ಅವರಿಗೆ ಸ್ತ್ರೀಯರೊಡನೆ ಮಾತನಾಡಲು ಬಹಳ ಅಂಜಿಕೆ. ಅದನ್ನು ಗೆಲ್ಲಲು ಊರಿನ ಸಸ್ಯೋದ್ಯಾನದಲ್ಲಿ ಒಂದು ತಿಂಗಳೊಳಗೆ ಸುಮಾರು 100 ಮಂದಿಯನ್ನು ಮಾತನಾಡಿಸಿದರಂತೆ. ಮತ್ತೆ ಭೇಟಿಯಾಗಲು ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲ. ಆದರೆ ಅಂಜಿಕೆ ಹೋಯಿತು. (ನಮ್ಮ ತರುಣರಿಗೆ ಈ ಔಷಧವನ್ನು ನಾನು ಹೇಳಲಾರೆ.) ಮುಂದೆ ತಮ್ಮಲ್ಲಿಗೆ ಬಂದವರಿಗೆ, ಜನ ತುಂಬಿದ ರೈಲಿನಲ್ಲಿ ನಿಲ್ದಾಣಗಳ ಹೆಸರನ್ನು ಗಟ್ಟಿಯಾಗಿ ಕೂಗಿರೆಂದು ಹೇಳುತ್ತಿದ್ದರು. ಹತ್ತು ಮಂದಿ ನಕ್ಕರೂ ತನಗೇನೂ ಕುಂದಿಲ್ಲವೆಂಬುದು ಅನುಭವಕ್ಕೆ ಬರಲೆಂದು ಈ ಉಪಾಯ.

ಇಲ್ಲಿ ಒಂದು ಆಕ್ಷೇಪ ಏಳುವುದು. ಲಜ್ಜೆಯನ್ನು ಗೀತೆಯು ದೈವೀಸಂಪತ್ತಿನಲ್ಲಿ ಎಣಿಸಿದೆ. ಅದನ್ನು ಕಿತ್ತೊಗೆದರೆ ಮನುಷ್ಯನು ನಿರಂಕುಶನಾಗನೇ? ಆತ್ಮವು ಗುಣದೋಷಗಳಿಗೆ ಅತೀತವೆಂಬ ವೇದಾಂತವಾಕ್ಯದ ಆಶ್ರಯವೂ ಎಲ್ಲಿಸರಿಗೆ ಬೇಕಿರಲಿಲ್ಲ, ಅವರು ನಿರೀಶ್ವರವಾದಿಗಳು. ಆದುದರಿಂದ ಲೋಕವ್ಯವಹಾರದಿಂದಲೇ ಸಮಾಧಾನವನ್ನು ಹುಡುಕೋಣ. ಕದ್ದವನು ಕದ್ದುದಕ್ಕಾಗಿ ನಾಚಿದರೆ ಒಡವೆಯನ್ನು ಹಿಂದಿರುಗಿಸುವನು. ತಾನು ಹುಟ್ಟಾ ನೀಚನೆಂದು ನಿಶ್ಚಯಿಸಿಕೊಂಡವನು, ಹಿಂದಿರುಗಿಸಿಯೂ ಫಲವೇನೆಂದು ಅದನ್ನು ಇನ್ನೂ ಆಳವಾಗಿ ಹೂತಿಡುವನು.