ಆರೈಕೆ ಮಾಡುವವರ ಆರೈಕೆ ಯಾರ ಹೊಣೆ?

ಮನುಷ್ಯನು ಹೊರುವ ಹೊಣೆಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯವು ನಮ್ಮನ್ನು ಕೇಳಿ ಬರುತ್ತವೆ. ಮದುವೆಯ ದಿನ ದೇವಾಲಯದಲ್ಲಿ ವಧೂವರರ ಸಮ್ಮತಿಯನ್ನು ಎಲ್ಲರೆದುರು ಬಾಯಿಬಿಟ್ಟು ಕೇಳಲಾಗುತ್ತದೆ. ನೌಕರಿಗೆ ಸೇರುವವನು ಕರಾರನ್ನು ಓದಿ ಸಹಿ ಹಾಕುತ್ತಾನೆ. ಎರಡನೆಯ ಬಗೆಯವು ಕೇಳದೆಯೇ ಬರುತ್ತವೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಅವರನ್ನು ನೋಡಿಕೊಳ್ಳುವ ಹೊಣೆ ಅಂತಹದು. ಅದಕ್ಕೆ ಯಾರೂ ಯಾರ ಸಮ್ಮತಿಯನ್ನೂ ಕೇಳುವುದಿಲ್ಲ, ಯಾವ ದಿನ ಅದು ಆರಂಭವಾಯಿತೆಂದು ಯಾರೂ ಬರೆದಿಡುವುದಿಲ್ಲ. ಆದರೂ ಒಬ್ಬರ ಬದುಕಿನ ಹತ್ತಾರು ವರ್ಷಗಳು ಅದರಲ್ಲೇ ಕಳೆದುಹೋಗಬಹುದು.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಕೊರ್ಲಹಳ್ಳಿಯನ್ನು ನೆನೆದುಕೊಳ್ಳಿ. ಹೂವಿನಹಡಗಲಿಗೆ ಹೋಗುವ ರಸ್ತೆ ಇಲ್ಲಿ ಸೇತುವೆಯ ಮೇಲೆ ನದಿಯನ್ನು ದಾಟಿ ಆಚೆ ದಡದ ಮದಲಗಟ್ಟಿಯನ್ನು ಮುಟ್ಟುತ್ತದೆ. ಇಂತಹ ಊರಿನ ಯಾವುದಾದರೊಂದು ಮನೆಯನ್ನು ಊಹಿಸಿಕೊಳ್ಳಿ. ಅತ್ತೆಗೆ ಪಾರ್ಶ್ವವಾಯು ಬಡಿದಿದೆ. ಗದಗಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಮರಳಿದ್ದಾರೆ. ಬಲಗೈ, ಬಲಗಾಲು ಆಡುವುದಿಲ್ಲ, ಮಾತು ತೊದಲುತ್ತದೆ. ಮೊದಲ ವಾರ ಮನೆತುಂಬ ಬಂಧುಗಳು, ಹಣ್ಣಿನ ಚೀಲಗಳು, ಕಣ್ಣೀರು. ಎರಡನೆಯ ವಾರ ಫೋನಿನ ಕರೆಗಳು. ತಿಂಗಳು ಕಳೆಯುವಷ್ಟರಲ್ಲಿ ಉಳಿದವಳು ಒಬ್ಬಳೇ ಸೊಸೆ. ಅವಳು ಕೂಲಿಗೆ ಹೋಗುವುದನ್ನು ಬಿಟ್ಟಳು. ಮೊದಲಿಗೆ ಅದು ಒಂದು ವಾರದ ಮಟ್ಟಿಗೆ ಎಂದಿತ್ತು. ಆಮೇಲೆ ಹಬ್ಬ ಮುಗಿಯುವವರೆಗೆ ಎಂದಾಯಿತು. ಆಮೇಲೆ ಯಾರೂ ಆ ಮಾತನ್ನೇ ಎತ್ತಲಿಲ್ಲ.

ಇದು ಒಂದು ಊರಿನ ಕಥೆಯಲ್ಲ. ನಿಮ್ಮ ಬೀದಿಯಲ್ಲೂ ಇಂತಹ ಮನೆ ಇದ್ದೀತು. ಆ ಸೊಸೆ ಮಾಡುತ್ತಿರುವ ಕೆಲಸಕ್ಕೆ ನಮ್ಮ ಆಡುಮಾತಿನಲ್ಲಿ ಒಂದು ಹೆಸರು ಕೂಡ ಇಲ್ಲ ಎಂಬುದನ್ನು ಗಮನಿಸಿ. ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡಿದರೆ ನರ್ಸ್ ಎನ್ನುತ್ತೇವೆ, ಆಯಾ ಎನ್ನುತ್ತೇವೆ. ಮನೆಯಲ್ಲಿ ಮಾಡಿದರೆ ಅವಳು ಬರೀ ಸೊಸೆ, ಬರೀ ಮಗಳು, ಬರೀ ಹೆಂಡತಿ. ಸಂಬಂಧದ ಹೆಸರೇ ಕೆಲಸದ ಹೆಸರನ್ನು ನುಂಗಿಬಿಟ್ಟಿದೆ. ಹೆಸರಿಲ್ಲದ ಕೆಲಸಕ್ಕೆ ಲೆಕ್ಕವಿರುವುದಿಲ್ಲ, ಲೆಕ್ಕವಿಲ್ಲದ ಕೆಲಸಕ್ಕೆ ರಜೆಯೂ ಇರುವುದಿಲ್ಲ.

ಆದರೆ ಆ ಕೆಲಸ ಸಣ್ಣದಲ್ಲ. ತಾನಾಗಿ ಮಗ್ಗುಲು ಬದಲಿಸಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲವಾದರೆ ಬೆನ್ನು ಸೊಂಟಗಳಲ್ಲಿ ಹಾಸಿಗೆ ಹುಣ್ಣಾಗುತ್ತದೆ. ನುಂಗಲು ಕಷ್ಟವಿರುವವರಿಗೆ ನೆಟ್ಟಗೆ ಕೂಡಿಸಿ ತುತ್ತು ತುತ್ತಾಗಿ ಉಣಿಸಬೇಕು, ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಭಯ. ಮೈ ಒರೆಸಬೇಕು, ಮಲಮೂತ್ರ ಬಳಿಯಬೇಕು, ಗುಳಿಗೆಯ ಹೊತ್ತನ್ನು ನೆನಪಿಡಬೇಕು. ಆಸ್ಪತ್ರೆಯ ನರ್ಸಿಗೆ ಪಾಳಿ ಉಂಟು; ಪಾಳಿ ಮುಗಿದಾಗ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಏಳುವವಳು ಬೆಳಗಿನ ಐದಕ್ಕೂ ಅವಳೇ.

ಭಾರತ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಈ ಕಾಣದ ಕೆಲಸವನ್ನು ಸ್ವಲ್ಪಮಟ್ಟಿಗೆ ಅಳೆದು ತೋರಿಸಿದೆ. 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಪುರುಷರಲ್ಲಿ ಶೇಕಡಾ 21.4 ಮಂದಿ. ತೊಡಗಿದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 140 ನಿಮಿಷ, ಪುರುಷರು 74 ನಿಮಿಷ ಕಳೆದಿದ್ದರು. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ, ಅಡಿಗೆ ಬಟ್ಟೆಗಳ ಕೆಲಸ ಬೇರೆಯೇ ಇದೆ. ಆರೈಕೆ ಮಾಡುವ ಪುರುಷರು ಇಲ್ಲವೆಂದಲ್ಲ. ಹೆಂಡತಿಯ ಹಾಸಿಗೆಯ ಬಳಿ ವರ್ಷಗಟ್ಟಲೆ ಕುಳಿತ ಗಂಡಂದಿರು ನಮ್ಮ ಊರುಗಳಲ್ಲಿ ಇದ್ದಾರೆ. ಆದರೆ ಹೊರೆಯ ಹೆಚ್ಚಿನ ಪಾಲು ಯಾರ ಹೆಗಲ ಮೇಲಿದೆ ಎಂಬುದು ಸ್ಪಷ್ಟ.

ಇಲ್ಲಿ ನೀವು ಒಂದು ಪ್ರಶ್ನೆಯನ್ನು ಎತ್ತಬಹುದು: ಪ್ರೀತಿಯಿಂದ ಮಾಡುವ ಸೇವೆಗೆ ಲೆಕ್ಕವೇಕೆ? ತಾಯಿಗೆ ಉಣಿಸುವ ತುತ್ತನ್ನು ನಿಮಿಷಗಳಲ್ಲಿ ಎಣಿಸುವುದು ಸೇವೆಯನ್ನೇ ಕೀಳಾಗಿಸಿದಂತೆ ಅಲ್ಲವೇ? ಈ ಪ್ರಶ್ನೆ ಗೌರವಕ್ಕೆ ಯೋಗ್ಯವಾದುದು. ಪ್ರೀತಿಗೆ ಬೆಲೆ ಕಟ್ಟಲಾಗದೆಂಬುದು ನಿಜ. ಆದರೆ ಈ ಮಾತನ್ನು ಹೆಚ್ಚಾಗಿ ಆಡುವವರು ಯಾರು ಎಂದು ನೋಡಿ. ಹೊರಳಿಸುವ ಕೈಗಳು ಅದನ್ನು ಆಡುವುದು ಅಪರೂಪ. ದೂರದಲ್ಲಿ ನಿಂತವರು ಆಡುವುದೇ ಹೆಚ್ಚು. “ಅವಳು ದೇವತೆಯಂಥವಳು, ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ” ಎಂದು ಹೊಗಳಿ ಬಸ್ಸು ಹತ್ತುವ ಮಕ್ಕಳು, ಬಂಧುಗಳು ಆ ಹೊಗಳಿಕೆಯಿಂದ ತಮ್ಮ ಋಣ ತೀರಿತೆಂದು ಭಾವಿಸುತ್ತಾರೆ. ಕಾಣಿಕೆ ಎಂಬುದು ಕೊಡುವವರು ಕೊಡುವಂಥದು. ಬಿಡುವೂ ಬದಲಿಯೂ ಇಲ್ಲದೆ ಒಬ್ಬರಿಂದಲೇ ಪಡೆದುದನ್ನು ಅವರ ತ್ಯಾಗವೆಂದು ಕರೆದರೆ, ಅದು ನಾವು ವಸೂಲು ಮಾಡಿದ ತೆರಿಗೆಗೆ ಕಾಣಿಕೆಯ ಹೆಸರಿಟ್ಟಂತೆ. ಲೆಕ್ಕ ಬೇಕಾಗಿರುವುದು ಪ್ರೀತಿಗೆ ಕೂಲಿ ಕೊಡುವುದಕ್ಕಲ್ಲ; ಯಾರು ಎಷ್ಟು ಹೊತ್ತಿದ್ದಾರೆ, ಯಾರು ಹೊತ್ತಿಲ್ಲ ಎಂದು ತಿಳಿಯುವುದಕ್ಕೆ.

ಇನ್ನೊಂದು ಸಂಗತಿ ಹೇಳಲು ಕಷ್ಟವಾದುದು. ಆರೈಕೆ ಮಾಡುವವರ ಮನಸ್ಸಿನಲ್ಲಿ ಒಮ್ಮೊಮ್ಮೆ ಸಿಟ್ಟು ಹುಟ್ಟುತ್ತದೆ. ಬಟ್ಟೆ ಬದಲಿಸಿದ ಮರುಗಳಿಗೆಯೇ ಅದು ಮತ್ತೆ ಒದ್ದೆಯಾದಾಗ ಕೈ ಒರಟಾಗುತ್ತದೆ. “ಇದು ಯಾವಾಗ ಮುಗಿದೀತು” ಎಂಬ ಯೋಚನೆ ನಡುರಾತ್ರಿಯಲ್ಲಿ ಹಾದುಹೋಗುತ್ತದೆ. ಅದು ಮುಗಿಯುವುದೆಂದರೆ ಏನೆಂದು ಹೊಳೆದ ಕೂಡಲೆ ಎದೆ ನಡುಗುತ್ತದೆ. ಅನೇಕರು ಇದನ್ನು ಪಾಪವೆಂದು ಬಗೆದು ಯಾರಿಗೂ ಹೇಳದೆ ಒಳಗೇ ಕೊರಗುತ್ತಾರೆ. ಇಲ್ಲಿ ನಾವು ವಿವೇಕದಿಂದ ಬೇರ್ಪಡಿಸಬೇಕಾದ ಎರಡು ವಿಷಯಗಳಿವೆ: ದಣಿವು ಬೇರೆ, ಪ್ರೀತಿಯ ಅಭಾವ ಬೇರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ದೇಹ ಸಿಡುಕುತ್ತದೆ, ಅದು ದೇಹದ ನಿಯಮ. ಆ ಸಿಡುಕಿಗೆ ಮದ್ದು ಉಪದೇಶವಲ್ಲ, ಎಂಟು ಗಂಟೆಯ ನಿದ್ದೆ. ಒರಟುತನ ಒಳ್ಳೆಯದೆಂದು ಯಾರೂ ಹೇಳಲಾರರು. ರೋಗಿಗೆ ನೋವಾಗುತ್ತದೆ, ಅದು ನಿಜ. ಆದರೆ ಆ ನೋವಿಗೆ ಹೊಣೆ ದಣಿದ ಒಬ್ಬಳದೇ ಎಂದು ತೀರ್ಪು ಕೊಡುವ ಮುನ್ನ, ಅವಳು ಒಬ್ಬಳೇ ಆದದ್ದು ಹೇಗೆಂದು ಕೇಳಬೇಕಾಗುತ್ತದೆ.

ಹಾಸಿಗೆಯಲ್ಲಿರುವವರ ಕಡೆಯಿಂದಲೂ ನೋಡಿ. ತಾನು ಒಬ್ಬರ ಬದುಕನ್ನೇ ತಿನ್ನುತ್ತಿದ್ದೇನೆಂಬ ನಾಚಿಕೆ ರೋಗದಷ್ಟೇ ಭಾರವಾದುದು. ನೀರು ಕೇಳಿದರೆ ಎದ್ದು ಬರಬೇಕಾದೀತೆಂದು ಬಾಯಾರಿಕೆಯನ್ನು ತಡೆದುಕೊಳ್ಳುವ ಹಿರಿಯರಿದ್ದಾರೆ. ಕೆಲಸ ಹಲವು ಕೈಗಳಿಗೆ ಹಂಚಿದಾಗ ಹಗುರವಾಗುವುದು ಸೊಸೆಯ ಹೆಗಲು ಮಾತ್ರವಲ್ಲ, ಅತ್ತೆಯ ಮನಸ್ಸೂ ಹೌದು.

ಹಂಚಿಕೊಳ್ಳುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬಾಣಂತನವನ್ನು ನೆನೆಯಿರಿ. ಅದಕ್ಕೊಂದು ಹೆಸರಿದೆ, ಒಂದು ಅವಧಿ ಇದೆ, ತವರಿನ ಪಾಲು ಇಷ್ಟು ಎಂಬ ನಿಯಮವಿದೆ. ಎರೆಯುವವರು ಯಾರು, ಅಡಿಗೆಯವರು ಯಾರು ಎಂದು ಕೂಸು ಹುಟ್ಟುವ ಮೊದಲೇ ಮಾತಾಗಿರುತ್ತದೆ. ಸಾವಿಗೂ ಪದ್ಧತಿ ಇದೆ. ಸಾವಾದ ಮನೆಯಲ್ಲಿ ಒಲೆ ಹೊತ್ತದಿದ್ದಾಗ ಬಂಧುಗಳು, ನೆರೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಯಾರೂ ಕರೆಯಬೇಕಾಗಿಲ್ಲ. ಹುಟ್ಟಿಗೆ ಪದ್ಧತಿ ಮಾಡಿದೆವು, ಸಾವಿಗೆ ಪದ್ಧತಿ ಮಾಡಿದೆವು. ನಡುವೆ ಬರುವ ದೀರ್ಘ ಕಾಯಿಲೆಗೆ ಮಾಡಲಿಲ್ಲ. ಹಿಂದೆ ಬಹುಶಃ ಅದರ ಅಗತ್ಯವೂ ಇಷ್ಟಿರಲಿಲ್ಲ. ಪಾರ್ಶ್ವವಾಯುವಿನ ನಂತರ ವರ್ಷಗಟ್ಟಲೆ ಬದುಕುವವರು ಕಡಿಮೆ ಇದ್ದರು, ಮನೆಯಲ್ಲಿ ಕೈಗಳು ಹೆಚ್ಚಿದ್ದವು. ಈಗ ಔಷಧ ಆಯುಷ್ಯವನ್ನು ಉದ್ದ ಮಾಡಿದೆ, ದುಡಿಮೆ ಮಕ್ಕಳನ್ನು ಹುಬ್ಬಳ್ಳಿಗೆ, ಬೆಂಗಳೂರಿಗೆ, ಗೋವೆಗೆ ಕಳುಹಿಸಿದೆ. ಹೊರೆ ದೊಡ್ಡದಾಯಿತು, ಹೆಗಲುಗಳು ಕಡಿಮೆಯಾದವು, ಪದ್ಧತಿ ಮಾತ್ರ ಹುಟ್ಟಲಿಲ್ಲ.

ವೈದ್ಯಲೋಕವು ಕುಟುಂಬದ ಈ ಪಾತ್ರವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು 1957ರಲ್ಲಿ ತನ್ನ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದಾಗ, ರೋಗಿಯ ಜೊತೆಗೆ ಮನೆಯವರೂ ಉಳಿದುಕೊಂಡು ಆರೈಕೆಯಲ್ಲಿ ಪಾಲುಗೊಳ್ಳುವ ಕ್ರಮವನ್ನು ತಂದಿತು. ಕೊರ್ಲಹಳ್ಳಿಯ ಸೇತುವೆಯಾಚೆಗಿನ ಹಡಗಲಿ ತಾಲ್ಲೂಕು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ನಡುವಿನಲ್ಲಿ ಒಂದು ಪ್ರಯೋಗವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ, ಮೂರ್ಛೆರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆಡೆಗೆ ಹಬ್ಬಿತು. ದೂರದ ಆಸ್ಪತ್ರೆಯ ಗೋಡೆಗಳೊಳಗೆ ಕೂಡಿಹಾಕುವುದಕ್ಕಿಂತ ಇದು ಎಷ್ಟೋ ಮಾನವೀಯವಾದ ದಾರಿ. ಆದರೆ “ರೋಗಿ ಮನೆಯಲ್ಲೇ ಇರಲಿ” ಎಂದಾಗ ಮನೆಯೆಂದರೆ ಗೋಡೆಯಲ್ಲ, ಅಲ್ಲಿರುವ ಒಬ್ಬ ವ್ಯಕ್ತಿ. ಗುಳಿಗೆ ಕೊಡುವುದೂ, ಫಿಟ್ಸ್ ಬಂದಾಗ ಪಕ್ಕದಲ್ಲಿರುವುದೂ ಆ ವ್ಯಕ್ತಿಯೇ.

ಸರ್ಕಾರಗಳು ಈ ವ್ಯಕ್ತಿಯನ್ನು ಈಚೆಗೆ ಗುರುತಿಸತೊಡಗಿವೆ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆಯ ಭತ್ಯೆ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಕರ್ನಾಟಕ ಸರ್ಕಾರವು 2024–25ರ ಮುಂಗಡಪತ್ರದಲ್ಲಿ ಪಾರ್ಕಿನ್‌ಸನ್, ಸ್ನಾಯುಕ್ಷಯ, ಮೆದುಳಿನ ಪಾರ್ಶ್ವವಾಯು ಮೊದಲಾದ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಯನ್ನು ಘೋಷಿಸಿತು. ಕಾಸರಗೋಡಿನ ಕನ್ನಡಿಗರೂ ಸೇರಿದ ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಎಂಬ ಯೋಜನೆ 2010ರಲ್ಲಿ ಬಂತು. ಮೊತ್ತ ಸಣ್ಣದು, ಗುರುತಿಸಿದ್ದು ದೊಡ್ಡದು. ಅದಕ್ಕಿಂತಲೂ ನಾವು ಕಲಿಯಬೇಕಾದುದು ಅಲ್ಲಿನ ನೆರೆಹೊರೆಯ ಕೆಲಸದಿಂದ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ಉಪಶಾಮಕ ಆರೈಕೆಯ ಚಳವಳಿ ಊರೂರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ರೋಗಿಗಳ ಮನೆಗೆ ಕಳುಹಿಸಿತು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ತನ್ನ ನೀತಿಯನ್ನಾಗಿ ಮಾಡಿಕೊಂಡಿತು.

ನಮ್ಮ ವಿಶ್ವಾಸದ ಗ್ರಂಥದಲ್ಲಿಯೂ ಇದಕ್ಕೆ ಆಧಾರ ಬೇಕಷ್ಟಿದೆ. ಸಂತ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರು. ಬಾಗಿಲಲ್ಲಿ ಜನಜಂಗುಳಿ ಇದ್ದುದರಿಂದ ಮಾಡನ್ನೇ ತೆರೆದು ಕೆಳಗಿಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು ಎಂದು ಸುವಾರ್ತಾಕಾರ ಬರೆಯುತ್ತಾನೆ. ಒಂದು ಹಾಸಿಗೆಗೆ ನಾಲ್ಕು ಮೂಲೆ, ನಾಲ್ಕು ಹೆಗಲು. ನಾವು ನಾಲ್ಕೂ ಮೂಲೆಗಳನ್ನು ಒಬ್ಬಳ ಕೈಗೆ ಕೊಟ್ಟು, ಅವಳ ವಿಶ್ವಾಸ ದೊಡ್ಡದೆಂದು ಕೊಂಡಾಡುತ್ತಿದ್ದೇವೆ. ಒಳ್ಳೆಯ ಸಮಾರಿಯದವನನ್ನೂ ನೆನೆಯಿರಿ. ಆ ರಾತ್ರಿ ಅವನೇ ಗಾಯಾಳುವನ್ನು ನೋಡಿಕೊಂಡ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದು ಮಾತುಕೊಟ್ಟ. ದಾರಿಗೆ ಹೋಗಬೇಕಾದವನು ಹೋದ, ಅದು ತಪ್ಪಲ್ಲ. ಆದರೆ ಉಳಿದು ನೋಡಿಕೊಳ್ಳುವವನನ್ನು ಬರಿಗೈಯಲ್ಲಿ ಬಿಟ್ಟು ಹೋಗಲಿಲ್ಲ, ಮರಳಿ ಬರುವ ಮಾತಿಲ್ಲದೆಯೂ ಹೋಗಲಿಲ್ಲ. ಊರು ಬಿಟ್ಟು ದುಡಿಯುವ ಪ್ರತಿಯೊಬ್ಬ ಮಗನಿಗೂ ಮಗಳಿಗೂ ಇದರಲ್ಲಿ ಪಾಠವಿದೆ.

ಹಾಗಾದರೆ ಪ್ರಿಯ ಓದುಗರೆ, ಏನು ಮಾಡೋಣ? ಮೊದಲು ಮನೆಯೊಳಗೆ. ಒಬ್ಬರು ಹಾಸಿಗೆ ಹಿಡಿದ ಮೊದಲ ತಿಂಗಳಲ್ಲೇ ಒಡಹುಟ್ಟಿದವರೆಲ್ಲ ಒಟ್ಟಿಗೆ ಕುಳಿತು, ಬಾಣಂತನದ ಮಾತನ್ನು ಆಡಿದಂತೆ, ಈ ಮಾತನ್ನೂ ಬಾಯಿಬಿಟ್ಟು ಆಡಬೇಕು. ಯಾವ ತಿಂಗಳು ಯಾರು ಬಂದು ನಿಲ್ಲುವರು? ಕೂಲಿ ಬಿಟ್ಟವಳ ಗಳಿಕೆಯ ನಷ್ಟವನ್ನು ಯಾರು ತುಂಬುವರು? ಇದನ್ನು ಕೇಳಲು ಸಂಕೋಚವಾಗುತ್ತದೆ, ಆದರೆ ಕೇಳದೆ ಬಿಟ್ಟರೆ ಹೊರೆ ತಾನಾಗಿಯೇ ಅತ್ಯಂತ ಮೌನಿಯಾದವರ ಮೇಲೆ ಜಾರಿ ಬೀಳುತ್ತದೆ. ಎರಡನೆಯದು, ಗಂಡುಮಕ್ಕಳು ಹೊರಳಿಸಲು, ಒರೆಸಲು, ಉಣಿಸಲು ಕಲಿಯಬೇಕು. ಕೈ ಯಾರದಾದರೂ ರೋಗಿಗೆ ಬೇಕಾದುದು ಮೃದುತನ. ಮೂರನೆಯದು, ಧರ್ಮಕೇಂದ್ರದ ಕುಟುಂಬಗಳ ಪಾಲು. ರೋಗಿಯನ್ನು ನೋಡಲು ಹೋಗುವ ಪದ್ಧತಿ ನಮ್ಮಲ್ಲಿದೆ. ಹೋದವರು ಹತ್ತು ನಿಮಿಷ ಕುಳಿತು ಪ್ರಾರ್ಥಿಸಿ, ಚಹಾ ಕುಡಿದು ಮರಳುತ್ತೇವೆ; ಆ ಚಹಾ ಮಾಡುವವಳೂ ಅವಳೇ. ಅದರ ಬದಲು ವಾರಕ್ಕೊಮ್ಮೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೋಗಿ, “ಮೂರು ತಾಸು ನಾನಿರುತ್ತೇನೆ, ನೀವು ಮಲಗಿ, ಇಲ್ಲವೆ ಸಂತೆಗೆ ಹೋಗಿ ಬನ್ನಿ” ಎನ್ನಬಹುದು. “ಏನಾದರೂ ಬೇಕಾದರೆ ಹೇಳಿ” ಎಂಬ ಮಾತು ಕೇಳುವ ಕಷ್ಟವನ್ನೂ ಅವಳ ಮೇಲೆಯೇ ಹಾಕುತ್ತದೆ. ವಾರವನ್ನೂ ಹೊತ್ತನ್ನೂ ಹೇಳಿ ಹೋಗುವವರ ಮಾತೇ ನಿಜವಾದ ನೆರವು.

ಇವತ್ತು ಆರೈಕೆ ಮಾಡುತ್ತಿರುವವರೊಬ್ಬರು ಈ ಪುಟವನ್ನು ಓದುತ್ತಿದ್ದರೆ, ಅವರಿಗೆ ಒಂದು ಮಾತು. ಬಿಡುವನ್ನು ಬಯಸುವುದು ಪ್ರೀತಿಯಲ್ಲಿ ಕೊರತೆಯಲ್ಲ, ನೆರವನ್ನು ಕೇಳುವುದು ಸೋಲಲ್ಲ. ಉಳಿದವರಿಗೆ ಒಂದೇ ಪ್ರಶ್ನೆ: ನಿಮ್ಮ ಬೀದಿಯ ಆ ಮನೆಯ ಮಂಚದ ಒಂದು ಮೂಲೆಯನ್ನು ಈ ವಾರ ನೀವು ಎಷ್ಟು ಹೊತ್ತು ಹಿಡಿಯಬಲ್ಲಿರಿ?