ಅರ್ಧ ಗೆಲುವಿನ ಲೆಕ್ಕ

ಬೆಂಗಳೂರಿನ ಗಾಲ್ಫ್ ನಮ್ಮ ಪಶ್ಚಿಮದ ಕಡೆ ಕಾಲಿಟ್ಟಿದ್ದೇ ಇಲ್ಲ ಎನ್ನಬಹುದು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರುವುದು ಹೈಗ್ರೌಂಡ್ಸ್‌ನಲ್ಲಿ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹುಲ್ಲುಹಾಸು ದೊಮ್ಮಲೂರು ಕಡೆ. ಮೈಸೂರು ರಸ್ತೆ ಹಿಡಿದರೆ ಕೆಂಗೇರಿ ದಾಟಿ ಬಿಡದಿಯ ಹತ್ತಿರ ಹೋಗಬೇಕು, ಅಲ್ಲಿ ಈಗಲ್‌ಟನ್ ಇದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಹದಿನೆಂಟು ಹೋಲಿನ ಕೋರ್ಸ್ ಬೇಕೆಂದರೆ ಒಂದಿಡೀ ಬಡಾವಣೆಯನ್ನೇ ನೆಲಸಮ ಮಾಡಬೇಕಾದೀತು. ಆದರೂ ಇಲ್ಲಿ ಗಾಲ್ಫ್ ಆಡುವವರಿಗೆ ಕೊರತೆಯಿಲ್ಲ. ಕೆಂಗೇರಿ ಕಡೆ ಹೋಗುವ ಮೆಟ್ರೊದಲ್ಲಿ ಪಕ್ಕದವರ ಮೊಬೈಲನ್ನು ಕದ್ದು ನೋಡುವ ಚಾಳಿ ಇರುವ ನನ್ನಂಥವರಿಗೆ ಅದು ಗೊತ್ತು.

ವಿಜಯನಗರದ ಮಾರುತಿ ಮಂದಿರದ ಆಸುಪಾಸಿನಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಒಬ್ಬರಿದ್ದಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಗಾಲ್ಫ್ ಕ್ಲಾಷ್ ಆಡುತ್ತಾರೆ. ಇಂಗ್ಲೆಂಡಿನ ಪ್ಲೇಡೆಮಿಕ್ ಎಂಬ ಕಂಪನಿ 2017ರಲ್ಲಿ ಬಿಟ್ಟ ಆಟ ಇದು. 2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಆ ಕಂಪನಿಯನ್ನು 140 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಇಬ್ಬರು ಎದುರಾಳಿಗಳು, ಒಂದೇ ಹೋಲು. ಇಬ್ಬರೂ ನಾಣ್ಯ ಕಟ್ಟಬೇಕು, ಗೆದ್ದವರಿಗೆ ಎರಡೂ ಪಾಲು. ಚೆಂಡನ್ನು ಬೆರಳಿನಿಂದ ಹಿಂದಕ್ಕೆ ಎಳೆದರೆ ಒಂದು ಮುಳ್ಳು ಅತ್ತಿತ್ತ ತೂಗುತ್ತದೆ. ಅದು ಸರಿಯಾಗಿ ನಡುವಿಗೆ ಬಂದ ಕ್ಷಣಕ್ಕೆ ಬೆರಳು ಬಿಡಬೇಕು. ಗಾಳಿ ಯಾವ ದಿಕ್ಕಿಗೆ ಎಷ್ಟು ಬೀಸುತ್ತಿದೆ ಎಂದು ಮೂಲೆಯಲ್ಲಿ ತೋರಿಸುತ್ತದೆ. ಗುರಿಯ ಸುತ್ತ ಬಣ್ಣಬಣ್ಣದ ಉಂಗುರಗಳು. ಗಾಳಿಗೆ ಎದುರಾಗಿ ಗುರಿಯನ್ನು ಎಷ್ಟು ಉಂಗುರ ಸರಿಸಬೇಕು ಎಂಬುದರಲ್ಲೇ ಆಟದ ಮರ್ಮವಿದೆ, ಮತ್ತು ಆ ಲೆಕ್ಕ ಒಂದೊಂದು ಕ್ಲಬ್ಬಿಗೂ, ಅಂದರೆ ಹೊಡೆಯುವ ಕೋಲಿಗೂ, ಬೇರೆ. ನಮ್ಮ ಕಟ್ಟಿನವರು ಅದನ್ನು ರಟ್ಟಿನ ತುಂಡೊಂದರ ಮೇಲೆ ಪೆನ್ಸಿಲಿನಲ್ಲಿ ಬರೆದು, ಗಾಜು ಕೊಯ್ಯುವ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದಾರೆ. ಅಳತೆ ಅವರ ಕಸುಬು. ಕೂದಲೆಳೆ ತಪ್ಪಿದರೆ ಗಾಜು ಚೌಕಟ್ಟಿನಲ್ಲಿ ಕೂರುವುದಿಲ್ಲ.

ಆಟದ ಹಂತಗಳಿಗೆ ಟೂರ್ ಎಂದು ಹೆಸರು. ಮೇಲಿನ ಟೂರ್‌ಗಳಿಗೆ ಹೋದಂತೆ ಕಟ್ಟಬೇಕಾದ ನಾಣ್ಯ ಹೆಚ್ಚುತ್ತದೆ, ಗಾಳಿ ಜೋರಾಗುತ್ತದೆ, ಎದುರಾಳಿಯ ಕೈಯೂ ಪಳಗಿರುತ್ತದೆ. ಅವರ ಗೊಣಗಾಟ ಇಷ್ಟೇ: "ಎಷ್ಟು ಕಲಿತರೂ ಅಷ್ಟೇ ಸಾರ್, ಒಂದು ಗೆದ್ದರೆ ಒಂದು ಸೋಲ್ತೀನಿ."

ಈ ಗೊಣಗಾಟದಲ್ಲಿ ಯೋಚಿಸಬೇಕಾದ್ದು ಬಹಳ ಇದೆ. ಹೆಚ್ಚುಕಮ್ಮಿ ಸಮಬಲದವರನ್ನು ಎದುರುಬದುರು ನಿಲ್ಲಿಸುವುದು ಇಂಥ ಆಟಗಳ ರೂಢಿ. ಇದರ ಹಿಂದೆ ಹಳೆಯ ಗಣಿತವಿದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ಚೆಸ್ ಆಟಗಾರರನ್ನು ಅಳೆಯಲು ಒಂದು ಕ್ರಮ ಹಾಕಿಕೊಟ್ಟರು. 1970ರಲ್ಲಿ ವಿಶ್ವ ಚೆಸ್ ಒಕ್ಕೂಟ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ಇಬ್ಬರ ಅಂಕ ಒಂದೇ ಆಗಿದ್ದರೆ ಇಬ್ಬರಿಗೂ ಗೆಲುವಿನ ನಿರೀಕ್ಷೆ ಸರಿಯಾಗಿ ಅರ್ಧರ್ಧ. ಗೆದ್ದರೆ ಅಂಕ ಏರುತ್ತದೆ, ಏರಿದ ಅಂಕಕ್ಕೆ ತಕ್ಕ ಎದುರಾಳಿ ಸಿಗುತ್ತಾನೆ, ಮತ್ತೆ ಅರ್ಧಕ್ಕೇ ಬಂದು ನಿಲ್ಲುತ್ತೀರಿ. ಅಂದರೆ ಆಟ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತೇ ಈ ಅರ್ಧ ಸೋಲು. ಆದರೆ ಆಡುವವನಿಗೆ ಅದು ನಿಂತ ನೀರಿನಂತೆ ಕಾಣುತ್ತದೆ. ಹೋದ ವರ್ಷಕ್ಕಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದಾನೆ, ಅದನ್ನು ಹೇಳುವ ಸಾಕ್ಷಿ ಮಾತ್ರ ಅವನ ಬಳಿ ಇಲ್ಲ.

ನಿಜವಾದ ಗಾಲ್ಫ್‌ನಲ್ಲಿ ಆ ಸಾಕ್ಷಿ ಇದೆ. ಮೈದಾನ ಅಲ್ಲೇ ಇರುತ್ತದೆ, ಪಾರ್, ಅಂದರೆ ನಿಗದಿತ ಹೊಡೆತಗಳ ಲೆಕ್ಕ, ಇವತ್ತು 72 ಎಂದರೆ ನಾಳೆಯೂ 72. ಅದಕ್ಕಿಂತ ದೊಡ್ಡದು ಹ್ಯಾಂಡಿಕ್ಯಾಪ್: ಬಲ ಕಡಿಮೆ ಇರುವವನಿಗೆ ಇಷ್ಟು ಹೊಡೆತ ಬಿಟ್ಟುಕೊಡಬೇಕು ಎಂಬ ಕಟ್ಟಳೆ. 2020ರಿಂದ ಅದಕ್ಕೆ ಜಗತ್ತಿಗೆಲ್ಲ ಒಂದೇ ಪದ್ಧತಿ, ಗರಿಷ್ಠ 54. ನಮ್ಮ ಅಡ್ಡರಸ್ತೆಯ ಕ್ರಿಕೆಟ್ಟಿನಲ್ಲಿ ಪುಟ್ಟ ತಮ್ಮಂದಿರನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಇದು ಅದಕ್ಕಿಂತ ಒಂದು ಕೈ ಮೇಲು. ಇಲ್ಲಿ ತಮ್ಮ ಲೆಕ್ಕಕ್ಕೂ ಉಂಟು. ಹೊಸಬ ಹಳಬನ ಜೊತೆಗೇ ಹುಲ್ಲಿನ ಮೇಲೆ ನಡೆಯಬಹುದು. ಮೊಬೈಲಿನ ಆಟ ಹಾಗೆ ಜೊತೆ ನಡೆಸುವುದಿಲ್ಲ, ಸಮರನ್ನು ಸಮರ ಜೊತೆಗೇ ಕೂಡಿಹಾಕುತ್ತದೆ. ನ್ಯಾಯ ಎರಡರಲ್ಲೂ ಇದೆ. ಒಂದರಲ್ಲಿ ಮಾತ್ರ ಹಿರಿಯರಿದ್ದಾರೆ.

ಆಟ ಕಠಿಣವಾಗುತ್ತಿದೆ ಎನ್ನುವಾಗ ಎರಡು ಕಷ್ಟಗಳು ಕಲಸಿಹೋಗುತ್ತವೆ. ಗಾಳಿ ಓದುವುದು, ಮುಳ್ಳನ್ನು ಹಿಡಿಯುವುದು ಕೈಗೆ ಬಿಟ್ಟ ಕಷ್ಟ. ಒಳ್ಳೆಯ ಕ್ಲಬ್ಬು ಸಂಪಾದಿಸುವುದು ಬೇರೆಯೇ. ಅದು ಪೆಟ್ಟಿಗೆಗಳಿಂದ ಬರಬೇಕು. ಪೆಟ್ಟಿಗೆ ತೆರೆದುಕೊಳ್ಳಲು ಗಂಟೆಗಟ್ಟಲೆ ಕಾಯಬೇಕು. ಕಾಯಲಾರೆ ಎಂದರೆ ರತ್ನ ಕೊಡಬೇಕು, ಆ ರತ್ನಕ್ಕೆ ದುಡ್ಡು. ಮೊದಲನೆಯದರಲ್ಲಿ ಸೋತರೆ ಏನೋ ಒಂದು ತಿಳಿಯುತ್ತದೆ. ಎರಡನೆಯದರಲ್ಲಿ ಸೋತರೆ ತಿಳಿಯುವುದು ಅಂಗಡಿಯ ದಾರಿ ಮಾತ್ರ. ಈ ಎರಡನ್ನೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸಿರುವುದರಲ್ಲಿ ಜಾಣತನ ಇದೆ, ಔದಾರ್ಯ ಇಲ್ಲ.

ಮೈದಾನದ ಗಾಲ್ಫ್ ಹಣದಿಂದ ಮುಕ್ತ ಎಂದು ಹೇಳಹೊರಟರೆ ನಗೆಪಾಟಲಾದೀತು. ಅಲ್ಲಿ ಗೇಟಿನಲ್ಲೇ ಕಷ್ಟ ಶುರು. ಆ ಗೇಟನ್ನು ಇನ್ನೊಬ್ಬರ ಚೀಲ ಹೊತ್ತುಕೊಂಡು ದಾಟಿದವರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಕ್ಯಾಡಿಯಾಗಿದ್ದವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು.

ಕೈಗೆ ಬಿಟ್ಟ ಕಷ್ಟದ ವಿಷಯದಲ್ಲಿ ನನಗೆ ಹೆಚ್ಚು ಬೆಳಕು ಕೊಡುವುದು ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ಹದಿನೆಂಟು. 2021ರಲ್ಲಿ ನಡೆದ ಟೋಕಿಯೋ ಕೂಟಕ್ಕೆ ಹೋದಾಗ ವಿಶ್ವ ರ್‍ಯಾಂಕಿಂಗಿನಲ್ಲಿ ಅವರು 200ನೆಯವರು, ಅದಕ್ಕೂ ಮುಂಚೆ ಕೋವಿಡ್ ಬಂದು ಹೋಗಿತ್ತು, ಚೀಲ ಹೊತ್ತು ಜೊತೆಗಿದ್ದವರು ತಾಯಿ. ಮೊದಲ ಹೊಡೆತದ ದೂರದಲ್ಲಿ ಅದಿತಿ ಆ ಕಣದ ಕೊನೆಯವರ ಸಾಲಿನಲ್ಲಿದ್ದರು. ಮುಂದಿದ್ದವರ ಚೆಂಡು ಎಲ್ಲಿಗೋ ಹೋಗಿ ಬೀಳುತ್ತಿತ್ತು, ಇವರದು ಹಿಂದೆಯೇ. ಹಾಗಿದ್ದೂ ಹೋಲಿನ ಸುತ್ತಲ ಹಸಿರಿನ ಮೇಲೆ ಪುಟ್ಟ ಹೊಡೆತಗಳಲ್ಲಿ ಒಂದೊಂದನ್ನೇ ವಾಪಸ್ ಪಡೆಯುತ್ತ ನಾಲ್ಕು ದಿನ ಪದಕದ ಹತ್ತಿರವೇ ಉಳಿದರು. ಕೊನೆಗೆ ಪಾರ್‌ಗಿಂತ 15 ಕಡಿಮೆ. ಕಂಚು ಗೆದ್ದ ಲಿಡಿಯಾ ಕೊ 16 ಕಡಿಮೆ. ಒಂದೇ ಹೊಡೆತ. ಆ ಬೆಳಿಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಟಿವಿ ಹಾಕಿಕೊಂಡು ಕೂತಿದ್ದರು. ತನಗಿಲ್ಲದ ಬಲವನ್ನು ಎಲ್ಲಿಂದಲೋ ತಂದು ಅವರು ಆಡಲಿಲ್ಲ. ತನ್ನ ಕೈಗೆ ಸಿಗುವ ಕಷ್ಟ ಯಾವುದು ಎಂದು ಅವರಿಗೆ ಗೊತ್ತಿತ್ತು, ಅಲ್ಲೇ ನಿಂತರು.

ಕಟ್ಟಿನವರು ಈಗ ಮೇಲಿನ ಟೂರ್‌ಗಳನ್ನು ಬಿಟ್ಟು ಕೆಳಗೆ ಇಳಿದು ಆಡುತ್ತಿದ್ದಾರೆ. ಪಕ್ಕದ ಅಂಗಡಿಯ ಹುಡುಗ "ಹೆದರ್ಕೊಂಡ್ರಾ ಅಣ್ಣಾ?" ಎಂದು ಕಾಲೆಳೆಯುತ್ತಾನೆ. "ಇಲ್ಲಿ ಗಾಳಿ ನನ್ನ ಲೆಕ್ಕಕ್ಕೆ ಸಿಗುತ್ತಪ್ಪಾ. ಮೇಲೆ ಹೋದರೆ ಪೆಟ್ಟಿಗೆ ಕಾಯೋದೇ ಕೆಲಸ ಆಗುತ್ತೆ" ಎಂಬುದು ಅವರ ಉತ್ತರ. ನಾನು ಮೊದಲು ಅವರ ಪಕ್ಷದಲ್ಲೇ ಇದ್ದೆ. ಆಮೇಲೆ ಅನುಮಾನ ಬಂತು. ಇಳಿದ ಮೇಲೆ ಎಲ್ಲವನ್ನೂ ಗೆಲ್ಲುತ್ತಿದ್ದರೆ ಅದು ಎಳೆಯರ ನಾಣ್ಯ ಕಸಿದ ಹಾಗೆಯೇ. ಅದನ್ನು ತೃಪ್ತಿ ಎಂದು ಕರೆಯಲು ನಾಲಿಗೆ ಬರುವುದಿಲ್ಲ. ಕೇಳಿಯೇಬಿಟ್ಟೆ. ಅವರು ಗಾಜಿನ ಮೇಲಿದ್ದ ಸ್ಕೇಲನ್ನು ಎತ್ತಲಿಲ್ಲ. "ಇಲ್ಲೂ ಸೋಲ್ತೀನಿ ಸಾರ್. ಆದರೆ ಇಲ್ಲಿ ಸೋತಾಗ ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತೆ" ಎಂದರು. ರಟ್ಟಿನ ಮೇಲಿನ ಅಂಕಿಗಳಲ್ಲಿ ಒಂದೆರಡನ್ನು ಅಳಿಸಿ ಹೊಸದಾಗಿ ಬರೆದಿದ್ದರು.